ನಮ್ಮ ಬೆರಳಿನಿಂದ ಹೊರಟ ಹುಸಿ

ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನವೇ ಮೊಬೈಲ್ ಕೈಗೆತ್ತಿಕೊಳ್ಳುವ ಅಭ್ಯಾಸ ಇಂದು ನಮ್ಮಲ್ಲಿ ಅನೇಕರಿಗೆ ಬಂದುಬಿಟ್ಟಿದೆ. ದಿನದ ಮೊದಲ ಸಂದೇಶ ಸಾಮಾನ್ಯವಾಗಿ ಒಂದು ವಚನವಾಗಿರುತ್ತದೆ. ಅದರ ಹಿಂದೆಯೇ ಬೀಗರ ಮನೆಯ ನಾಮಕರಣದ ಕರೆಯೋಲೆ, ಮಠದ ಕಾರ್ಯಕ್ರಮದ ವಿವರ, ದೂರದ ಬಂಧುವೊಬ್ಬರು ಲಿಂಗೈಕ್ಯರಾದ ವಾರ್ತೆ, ಮಂಡಿನೋವಿಗೆ ಮನೆಮದ್ದು, ಒಂದೆರಡು ನಗೆಹನಿ ಬರುತ್ತವೆ. ಇವುಗಳಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಬಂದ ಹಾಗೆಯೇ ನಾಲ್ಕು ಜನಕ್ಕೆ ಕಳಿಸುತ್ತೇವೆ. ಯಾವುದು ನಿಜ, ಯಾವುದು ಅಲ್ಲ ಎಂಬ ವಿಚಾರ ಆ ಹೊತ್ತಿನಲ್ಲಿ ನಮ್ಮನ್ನು ಕಾಡುವುದಿಲ್ಲ.

ಇದರಿಂದ ಯಾರಿಗೇನು ಹಾನಿ ಎಂದೇ ನಾವೂ ಬಹುಕಾಲ ತಿಳಿದಿದ್ದೆವು. ೨೦೧೮ನೆಯ ಇಸವಿಯ ಮೇ ತಿಂಗಳಲ್ಲಿ ಆ ತಿಳಿವಳಿಕೆ ತಲೆಕೆಳಗಾಯಿತು. ಅಂದು ನಮ್ಮ ಕೈಯಿಂದ ನಡೆದ ತಪ್ಪೊಂದನ್ನು ಶರಣ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ಇದನ್ನು ಓದಿದ ಒಂದು ಮನೆಯಲ್ಲಾದರೂ ಬೆರಳು ಒಂದು ಕ್ಷಣ ತಡೆದರೆ ನಮಗೆ ಅಷ್ಟೇ ಸಾಕು.

ಬೇಸಿಗೆ ರಜೆಯ ಒಂದು ಮಧ್ಯಾಹ್ನ

ನಮ್ಮ ಮನೆ ಇರುವುದು ಬನಶಂಕರಿ ಎರಡನೆಯ ಹಂತದಲ್ಲಿ. ಶಾಲೆಗಳಿಗೆ ಬೇಸಿಗೆ ರಜೆ ಇನ್ನೂ ಮುಗಿದಿರಲಿಲ್ಲ. ಊರಿನಿಂದ ಬಂದ ಮೊಮ್ಮಕ್ಕಳೂ ಅಕ್ಕಪಕ್ಕದ ಮಕ್ಕಳೂ ಸೇರಿ ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದರು. ಮೇ ಮೂರನೆಯ ವಾರದ ಒಂದು ಮಧ್ಯಾಹ್ನ ಜಯನಗರದಲ್ಲಿರುವ ನಮ್ಮ ತಂಗಿಯಿಂದ ಒಂದು ದೃಶ್ಯತುಣುಕು ಬಂದಿತು. ಕಿರಿದಾದ ಬೀದಿಯೊಂದರಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದಾರೆ; ಬೈಕಿನಲ್ಲಿ ಇಬ್ಬರು ಬರುತ್ತಾರೆ; ಕ್ಷಣಮಾತ್ರದಲ್ಲಿ ಒಂದು ಮಗುವನ್ನು ಎತ್ತಿಕೊಂಡು ಹೊರಟುಹೋಗುತ್ತಾರೆ; ಉಳಿದ ಮಕ್ಕಳು ಬೊಬ್ಬೆಯಿಡುತ್ತಾ ಹಿಂದೆ ಓಡುತ್ತಾರೆ. ಜೊತೆಯಲ್ಲಿ ಕನ್ನಡದಲ್ಲಿಯೇ ಒಂದು ಧ್ವನಿಮುದ್ರಿಕೆ. ಮಕ್ಕಳ ಕಳ್ಳರು ನೂರಾರು ಸಂಖ್ಯೆಯಲ್ಲಿ ನಗರಕ್ಕೆ ಬಂದಿಳಿದಿದ್ದಾರೆ, ಇದು ಬೆಂಗಳೂರಿನಲ್ಲಿಯೇ ನಡೆದದ್ದು, ಹೊರಗಿನವರು ಕಂಡರೆ ಎಚ್ಚರದಿಂದಿರಿ, ಎಲ್ಲರಿಗೂ ತಿಳಿಸಿ ಎಂಬುದು ಅದರ ಸಾರಾಂಶ.

ನಾವು ಕಿಟಕಿಯಿಂದ ಇಣುಕಿ ನೋಡಿದೆವು. ನಮ್ಮ ಮೊಮ್ಮಗ ಬ್ಯಾಟು ಹಿಡಿದು ನಿಂತಿದ್ದ. ದೃಶ್ಯದಲ್ಲಿದ್ದ ಮಗುವಿಗೂ ಅವನಷ್ಟೇ ವಯಸ್ಸು. ಎದೆ ಧಸಕ್ಕೆಂದಿತು. ಮೊದಲು ಮಕ್ಕಳನ್ನೆಲ್ಲ ಒಳಗೆ ಕರೆದೆವು. ಆಮೇಲೆ ಆ ಸಂದೇಶವನ್ನು ರಸ್ತೆಯ ನಿವಾಸಿಗಳ ಗುಂಪಿಗೆ, ಬಂಧುಬಳಗದ ಗುಂಪಿಗೆ, ವಾರಕ್ಕೊಮ್ಮೆ ಸೇರುವ ವಚನ ಸತ್ಸಂಗದ ಗುಂಪಿಗೆ, ಹೀಗೆ ಮೂರು ಕಡೆಗೆ ಕಳಿಸಿದೆವು. ‘ದಯವಿಟ್ಟು ಎಚ್ಚರವಾಗಿರಿ’ ಎಂದು ನಮ್ಮದೊಂದು ಸಾಲನ್ನೂ ಸೇರಿಸಿದೆವು. ತಂಗಿಯನ್ನು ‘ನಿನಗೆ ಇದು ಎಲ್ಲಿಂದ ಬಂತು?’ ಎಂದು ಕೇಳಬೇಕೆಂದು ನಮಗೆ ತೋಚಲಿಲ್ಲ. ಪೊಲೀಸ್ ಠಾಣೆಗೆ ಒಂದು ದೂರವಾಣಿ ಕರೆ ಮಾಡಬೇಕೆಂದೂ ಹೊಳೆಯಲಿಲ್ಲ. ಒಂದು ಕರ್ತವ್ಯ ಮಾಡಿದ ಸಮಾಧಾನದಿಂದ ಚಹಾ ಮಾಡಿಕೊಂಡು ಕುಡಿದೆವು.

ಸಂಜೆಯ ಹೊತ್ತಿಗೆ ಅದೇ ತುಣುಕು ಜೆ.ಪಿ. ನಗರದ ಬೀಗರಿಂದ ನಮಗೇ ತಿರುಗಿ ಬಂದಿತು. ಎರಡು ಕಡೆಯಿಂದ ಬಂದಮೇಲೆ ನಿಜವೇ ಇರಬೇಕು ಎಂದು ನಮ್ಮ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ನಾವೇ ಕಳಿಸಿದ್ದು ಸುತ್ತಿಕೊಂಡು ನಮ್ಮಲ್ಲಿಗೇ ಬಂದಿರಬಹುದು ಎಂಬ ಸಂಶಯ ಆಗ ಮೂಡಲಿಲ್ಲ.

ಪಾತ್ರೆಯ ಹೆಂಗಸು

ಎರಡು ದಿನಗಳ ನಂತರ ನಮ್ಮ ರಸ್ತೆಯಲ್ಲಿ ಗಲಾಟೆ ಕೇಳಿಸಿತು. ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸೊಬ್ಬಳು ತಲೆಯ ಮೇಲೆ ಬುಟ್ಟಿ, ಹೆಗಲಿಗೆ ಬಟ್ಟೆಯ ದೊಡ್ಡ ಗಂಟು ಹೊತ್ತು ಬರುವುದು ಆ ಬಡಾವಣೆಗೆ ಹೊಸದೇನೂ ಅಲ್ಲ. ಅಂದು ಏಳೆಂಟು ಜನ ಆಕೆಯನ್ನು ಸುತ್ತುವರಿದಿದ್ದರು. ಗಂಟಿನಲ್ಲಿ ಏನಿದೆ ತೋರಿಸು ಎಂದು ಒಬ್ಬರು ಗದರುತ್ತಿದ್ದರು. ಇನ್ನೊಬ್ಬರು ಗಂಟನ್ನು ಕಿತ್ತು ರಸ್ತೆಯ ಮೇಲೆಯೇ ಸುರಿದರು. ಹಳೆಯ ಸೀರೆ, ಪ್ಯಾಂಟು, ಮಕ್ಕಳ ಅಂಗಿಗಳು ಹರಡಿಕೊಂಡವು. ಮಕ್ಕಳ ಅಂಗಿಯನ್ನು ಕಂಡೊಡನೆ ಕೂಗು ಇನ್ನೂ ಹೆಚ್ಚಿತು. ಹುಡುಗನೊಬ್ಬ ಮೊಬೈಲ್ ಎತ್ತಿ ಆಕೆಯ ಮುಖವನ್ನು ಚಿತ್ರೀಕರಿಸುತ್ತಿದ್ದ.

ನಾವು ಹೊರಗೆ ಬಂದಾಗ ಆಕೆ ನಮ್ಮನ್ನು ಗುರುತಿಸಿ, ‘ಅಕ್ಕಾ, ನೀವಾದ್ರೂ ಹೇಳ್ರಕ್ಕಾ, ಎಷ್ಟು ವರ್ಸದಿಂದ ಬರ್ತಾ ಇವ್ನಿ ಈ ಬೀದೀಗೆ’ ಎಂದು ಕೈಮುಗಿದಳು. ನಮ್ಮ ಅಡುಗೆಮನೆಯಲ್ಲಿ ಆಕೆಯಿಂದ ಕೊಂಡ ಎರಡು ಡಬರಿಗಳಿದ್ದವು. ಆಕೆ ನಮಗೆ ಗೊತ್ತು ಎಂದು ನಾವು ಹೇಳಿದಮೇಲೆ ಜನ ಚದುರಿದರು. ಆಕೆಯ ಮೈಮೇಲೆ ಯಾರೂ ಕೈಮಾಡಿರಲಿಲ್ಲ. ಆದರೆ ಬಟ್ಟೆಗಳನ್ನು ಮತ್ತೆ ಗಂಟು ಕಟ್ಟುವಾಗ ಆಕೆಯ ಕೈ ನಡುಗುತ್ತಿತ್ತು. ನೀರು ಕೊಟ್ಟರೆ ಕುಡಿಯಲಿಲ್ಲ. ಹೊರಟುಹೋದಳು.

ಗಂಟನ್ನು ಸುರಿದವರನ್ನು, ‘ಯಾಕಪ್ಪಾ ಹೀಗೆ ಮಾಡಿದಿರಿ?’ ಎಂದು ಕೇಳಿದೆವು. ಅವರು ಸಜ್ಜನರು, ಪಕ್ಕದ ತಿರುವಿನಲ್ಲಿಯೇ ಅವರ ಮನೆ. ‘ಗುಂಪಿನಲ್ಲಿ ನೀವೇ ಕಳಿಸಿದ್ದಿರಲ್ಲಾ ಮೇಡಂ’ ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮೇ ೨೩, ಪೆನ್ಷನ್ ಮೊಹಲ್ಲಾ

ಅದೇ ದಿನಗಳ ಮಾತು. ೨೦೧೮ರ ಮೇ ೨೩, ಬುಧವಾರ. ಎಚ್.ಡಿ. ಕುಮಾರಸ್ವಾಮಿಯವರು ವಿಧಾನಸೌಧದ ಮುಂದೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ದಿನ. ನಗರದ ಕಣ್ಣೆಲ್ಲ ಅತ್ತ ಇದ್ದಾಗ, ಚಾಮರಾಜಪೇಟೆಗೆ ಸೇರಿಕೊಂಡಿರುವ ಪೆನ್ಷನ್ ಮೊಹಲ್ಲಾದಲ್ಲಿ ಒಬ್ಬ ಯುವಕನನ್ನು ಜನ ಹಿಡಿದರು. ಆತನಿಗೆ ೨೬ ವರ್ಷ. ರಾಜಸ್ಥಾನದಿಂದ ಕೆಲಸ ಅರಸಿ ಬಂದಿದ್ದ. ಮಕ್ಕಳ ಕಳ್ಳನೆಂಬ ಕೂಗು ಎದ್ದಿತು. ಕೈಕಾಲು ಕಟ್ಟಿ ಬೀದಿಯಲ್ಲಿ ಎಳೆದಾಡಿ ಹೊಡೆದರು. ಕ್ರಿಕೆಟ್ ಬ್ಯಾಟುಗಳಿಂದಲೂ ಹೊಡೆದರು. ಅದನ್ನು ಕೆಲವರು ಮೊಬೈಲಿನಲ್ಲಿ ಸೆರೆಹಿಡಿದರು. ಆತ ಬದುಕುಳಿಯಲಿಲ್ಲ. ಆತ ಯಾವ ಮಗುವನ್ನೂ ಕದ್ದಿರಲಿಲ್ಲ. ಪೊಲೀಸರು ಹಲವರನ್ನು ಬಂಧಿಸಿದರು. ನಗರದಲ್ಲಿ ಅಂತಹ ಯಾವ ಕಳ್ಳರ ತಂಡವೂ ಇಲ್ಲ, ವದಂತಿಗೆ ಕಿವಿಗೊಡಬೇಡಿ ಎಂದು ಪೊಲೀಸ್ ಅಧಿಕಾರಿಗಳು ಮತ್ತೆಮತ್ತೆ ಮನವಿ ಮಾಡಿದರು.

ಚಾಮರಾಜಪೇಟೆ ನಮಗೆ ಪರವೂರಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಕಾರ್ಯಕ್ರಮಗಳಿಗೆ ನಾವು ಎಷ್ಟೋ ಬಾರಿ ಹೋಗಿಬಂದ ಬಡಾವಣೆ ಅದು. ಬನಶಂಕರಿಯಿಂದ ಒಂದೇ ಬಸ್ಸಿನ ದಾರಿ. ಮರುದಿನ ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದಾಗ, ನಮ್ಮ ರಸ್ತೆಯಲ್ಲಿ ಚೆಲ್ಲಿದ್ದ ಬಟ್ಟೆಯ ರಾಶಿ ಕಣ್ಣಮುಂದೆ ಬಂದಿತು. ಅಲ್ಲಿ ಪರಿಚಯ ಹೇಳಿ ಬಿಡಿಸಿಕೊಳ್ಳಲು ಆ ಹುಡುಗನಿಗೆ ಯಾರೂ ಇರಲಿಲ್ಲ. ಎರಡು ಘಟನೆಗಳ ನಡುವೆ ಇದ್ದ ವ್ಯತ್ಯಾಸ ಅಷ್ಟೇ ಎಂದು ನಮಗೆ ತೋರಿತು.

ನಾವು ಕಳಿಸಿದ ಸಂದೇಶವೇ ಆ ಬೀದಿಯನ್ನು ಮುಟ್ಟಿತೇ? ಅದನ್ನು ಅರಿಯುವ ದಾರಿಯಿಲ್ಲ. ಅದೇ ಸಂದೇಶವನ್ನು ಸಾವಿರಾರು ಜನ ಕಳಿಸಿದ್ದರು. ಆದರೆ ‘ನಮ್ಮದಲ್ಲ’ ಎಂದು ಎದೆತಟ್ಟಿ ಹೇಳುವ ಅಧಿಕಾರವನ್ನು ನಾವು ಕಳೆದುಕೊಂಡಿದ್ದೆವು. ಆ ದಿನಗಳಲ್ಲಿ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ೨೫೬ ಜನರವರೆಗೆ ಇರಬಹುದಿತ್ತು. ಮೂರು ಗುಂಪುಗಳೆಂದರೆ ಎಷ್ಟು ಮನೆಗಳು, ಆ ಮನೆಗಳವರಿಗೆ ಇನ್ನೆಷ್ಟು ಗುಂಪುಗಳು ಎಂದು ಎಣಿಸುತ್ತಾ ಹೋದರೆ ಬೆಂಗಳೂರಿನ ಯಾವ ಬೀದಿಯೂ ನಮ್ಮಿಂದ ದೂರವಿರಲಿಲ್ಲ.

ಆ ದೃಶ್ಯ ಎಲ್ಲಿಯದು?

ಸತ್ಯ ಹೊರಬಿದ್ದದ್ದು ನಮ್ಮ ಮಗನಿಂದ. ಅವನು ಆ ತುಣುಕಿನ ಪೂರ್ಣ ರೂಪವನ್ನು ಹುಡುಕಿ ತಂದು ತೋರಿಸಿದ. ಅದು ಬೆಂಗಳೂರಿನದಲ್ಲ, ಭಾರತದ್ದೂ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಕಾಣೆಯಾದ ಮಕ್ಕಳಿಗಾಗಿ ದುಡಿಯುವ ‘ರೋಶ್ನಿ ಹೆಲ್ಪ್‌ಲೈನ್’ ಎಂಬ ಸಂಸ್ಥೆಗಾಗಿ ೨೦೧೬ರಲ್ಲಿ ಮಾಡಿದ ಜಾಗೃತಿಚಿತ್ರ ಅದು. ಮೂಲದಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋದವರು ಹಿಂದಿರುಗಿ ಬರುತ್ತಾರೆ, ಮಗುವನ್ನು ಕೆಳಗಿಳಿಸುತ್ತಾರೆ, ಒಂದು ಫಲಕವನ್ನು ಎತ್ತಿ ಹಿಡಿಯುತ್ತಾರೆ. ಕರಾಚಿಯ ಬೀದಿಯಿಂದ ಮಗುವೊಂದನ್ನು ಅಪಹರಿಸಲು ಒಂದು ಕ್ಷಣ ಸಾಕು ಎಂಬ ಎಚ್ಚರಿಕೆ ಆ ಫಲಕದಲ್ಲಿದೆ. ಯಾರೋ ದುರುಳರು ಕೊನೆಯ ಭಾಗವನ್ನು ಕತ್ತರಿಸಿ, ಕನ್ನಡದ ಧ್ವನಿಯನ್ನು ಜೋಡಿಸಿ ಹರಿಯಬಿಟ್ಟಿದ್ದರು. ಅದೇ ವರ್ಷ ಹರಡಿದ ಇನ್ನೊಂದು ಸಂದೇಶದಲ್ಲಿ, ಸಿರಿಯಾ ದೇಶದ ಘೌಟಾ ಎಂಬಲ್ಲಿ ೨೦೧೩ರಲ್ಲಿ ವಿಷಾನಿಲಕ್ಕೆ ಬಲಿಯಾದ ಮಕ್ಕಳ ಚಿತ್ರಗಳನ್ನು ಇಲ್ಲಿಯ ಕಳ್ಳರ ಕೃತ್ಯವೆಂದು ತೋರಿಸಲಾಗಿತ್ತು.

ಮಕ್ಕಳನ್ನು ಕಾಪಾಡಲೆಂದು ಒಂದು ಊರಿನವರು ಮಾಡಿದ ಚಿತ್ರ ಇನ್ನೊಂದು ಊರಿನಲ್ಲಿ ನಿರಪರಾಧಿಗಳ ಪ್ರಾಣಕ್ಕೆ ಎರವಾಯಿತು. ನಡುವೆ ನಿಂತು ಅದನ್ನು ದಾಟಿಸಿದವರು ನಮ್ಮಂತಹ ಸಂಸಾರಸ್ಥರು.

ಹಳೆಯ ವದಂತಿಗಳು

ಗಾಳಿಸುದ್ದಿ ನಮ್ಮ ನಾಡಿಗೆ ಹೊಸತಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ೧೯೯೦ರ ದಶಕದಲ್ಲಿ, ರಾತ್ರಿ ದೆವ್ವವೊಂದು ಪರಿಚಿತರ ದನಿಯಲ್ಲಿ ಬಾಗಿಲು ತಟ್ಟುತ್ತದೆ ಎಂಬ ಸುದ್ದಿ ಹಬ್ಬಿ, ಬೆಂಗಳೂರಿನಲ್ಲಿಯೂ ಹಳ್ಳಿಗಳಲ್ಲಿಯೂ ಜನ ಬಾಗಿಲು ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಹಿರಿಯರು ನೆನೆದು ನಗುತ್ತಾರೆ. ೧೯೯೫ರ ಸೆಪ್ಟೆಂಬರ್ ೨೧ರಂದು ಗಣೇಶನ ಮೂರ್ತಿ ಹಾಲು ಕುಡಿಯುತ್ತಿದೆ ಎಂಬ ಸುದ್ದಿ ದೂರವಾಣಿಯ ಮೂಲಕ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ಚಮಚೆಯ ಅಂಚಿಗೆ ತುಂಬಿದ ಹಾಲನ್ನು ಕಲ್ಲು ಹೇಗೆ ಸೆಳೆದುಕೊಂಡು ಕೆಳಗೆ ಹರಿಸುತ್ತದೆ ಎಂಬುದನ್ನು ವಿಜ್ಞಾನಿಗಳು ವಿವರಿಸಿದರು. ಈ ಎರಡರಿಂದಲೂ ಆದ ನಷ್ಟ ಸ್ವಲ್ಪ ಸುಣ್ಣ, ಸ್ವಲ್ಪ ಹಾಲು.

ಆದರೆ ೨೦೧೨ರ ಆಗಸ್ಟ್ ತಿಂಗಳಲ್ಲಿ ನಡೆದದ್ದು ನಗುವ ಸಂಗತಿಯಲ್ಲ. ಅಸ್ಸಾಮಿನ ಕೊಕ್ರಝಾರ್ ಪ್ರದೇಶದಲ್ಲಿ ಆ ವರ್ಷ ಜುಲೈಯಲ್ಲಿ ಹಿಂಸಾಚಾರ ನಡೆದಿತ್ತು. ಅದರ ಬೆನ್ನಿಗೆ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಅನ್ಯದೇಶಗಳ ಭೂಕಂಪ, ಚಂಡಮಾರುತಗಳಲ್ಲಿ ಸತ್ತವರ ಚಿತ್ರಗಳನ್ನು ಹಿಂಸೆಗೆ ಬಲಿಯಾದವರೆಂದು ಬಿಂಬಿಸಿದವರೂ ಇದ್ದರು. ಬಿ.ಟಿ.ಎಂ. ಬಡಾವಣೆ, ಕೋರಮಂಗಲ, ನೀಲಸಂದ್ರ ಮುಂತಾದ ಕಡೆ ಬಾಡಿಗೆ ಕೋಣೆಗಳಲ್ಲಿದ್ದು ಹೋಟೆಲುಗಳಲ್ಲಿ, ಕಾವಲು ಕೆಲಸದಲ್ಲಿ, ಸೌಂದರ್ಯ ಮಳಿಗೆಗಳಲ್ಲಿ ದುಡಿಯುತ್ತಿದ್ದ ಯುವಕ ಯುವತಿಯರು ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಅಂದು ಗೃಹ ಸಚಿವರಾಗಿದ್ದ ಆರ್. ಅಶೋಕ್ ಅವರು ನಿಲ್ದಾಣಕ್ಕೇ ಹೋಗಿ, ನಿಮಗೆ ಇಲ್ಲಿ ಯಾವ ಭಯವೂ ಇಲ್ಲ ಎಂದು ಅವರಲ್ಲಿ ಕೇಳಿಕೊಂಡರು. ಆದರೂ ಕೆಲವೇ ದಿನಗಳಲ್ಲಿ ಸಾವಿರಾರು ಜನ ನಗರವನ್ನು ತೊರೆದರು. ಕೇಂದ್ರ ಸರ್ಕಾರ ಆಗಸ್ಟ್ ೧೭ರಂದು, ಒಂದು ಮೊಬೈಲಿನಿಂದ ದಿನಕ್ಕೆ ೫ಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ೧೫ ದಿನಗಳ ನಿರ್ಬಂಧ ಹೇರಿತು. ಅನಂತರ ಆ ಮಿತಿಯನ್ನು ೨೦ಕ್ಕೆ ಏರಿಸಿತು.

ಅಂದು ಆ ಮಕ್ಕಳ ಪಾಡನ್ನು ಕಂಡು ಮರುಗಿದವರು ನಾವೇ. ಆರು ವರ್ಷಗಳ ಬಳಿಕ ಅಂತಹುದೇ ಕೆಲಸಕ್ಕೆ ಕೈಜೋಡಿಸಿದವರೂ ನಾವೇ.

ಮಿಠಾಯಿ ಕೊಟ್ಟದ್ದೇ ಅಪರಾಧವಾಯಿತು

೨೦೧೮ರ ಆ ಬೇಸಿಗೆ, ಮಳೆಗಾಲಗಳಲ್ಲಿ ಮಕ್ಕಳ ಕಳ್ಳರ ವದಂತಿ ದೇಶದ ಹಲವೆಡೆ ಜೀವ ತೆಗೆಯಿತು. ಮೇ ೯ರಂದು ತಮಿಳುನಾಡಿನ ತಿರುವಣ್ಣಾಮಲೆ ಜಿಲ್ಲೆಯಲ್ಲಿ, ಕುಲದೇವರ ಗುಡಿಯನ್ನು ಹುಡುಕಿಕೊಂಡು ಹೋದ ಕುಟುಂಬವೊಂದರ ಹಿರಿಯ ಹೆಣ್ಣುಮಗಳು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅದನ್ನು ಕಂಡವರು ಕಳ್ಳರೆಂದು ಬಗೆದು ಹೊಡೆದರು. ೬೫ರ ವಯಸ್ಸಿನ ಆ ತಾಯಿ ತೀರಿಕೊಂಡರು.

ಜುಲೈ ೧ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ ಐವರು ಅಲೆಮಾರಿ ಭಿಕ್ಷುಕರನ್ನು ಕೊಂದರು. ಅವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯವರು. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮುನ್ನ ಕರಣಿಕರಾಗಿ ಕಾಯಕ ಮಾಡಿದ ಮಂಗಳವಾಡ ಅದೇ.

ಜುಲೈ ೧೩ರಂದು ನಮ್ಮ ಬೀದರ ಜಿಲ್ಲೆಯಲ್ಲಿಯೇ ಅಂತಹ ದುರ್ಘಟನೆ ನಡೆಯಿತು. ಹೈದರಾಬಾದಿನಿಂದ ಸ್ನೇಹಿತರೊಡನೆ ಬಂದಿದ್ದ ೩೨ ವರ್ಷದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಆ ಗುಂಪಿನಲ್ಲಿದ್ದರು. ಶಾಲೆಯ ಮಕ್ಕಳಿಗೆ ಆ ಸ್ನೇಹಿತರು ಚಾಕೊಲೇಟ್ ಕೊಟ್ಟರು. ಊರವರಿಗೆ ಸಂಶಯ ಬಂದಿತು. ಅವರು ಕಾರಿನಲ್ಲಿ ಹೊರಟಾಗ ಅವರ ಚಿತ್ರ ವಾಟ್ಸ್‌ಆ್ಯಪಿನಲ್ಲಿ ಅವರಿಗಿಂತ ಮುಂದೆ ಓಡಿತು. ಔರಾದ ಕಡೆಯ ಮುರ್ಕಿ ಗ್ರಾಮದಲ್ಲಿ ದಾರಿ ಕಟ್ಟಲಾಗಿತ್ತು; ಕಾರು ಹಳ್ಳಕ್ಕೆ ಉರುಳಿತು; ಜನ ಮುಗಿಬಿದ್ದರು. ತಡೆಯಲು ಹೋದ ಪೊಲೀಸರೂ ಗಾಯಗೊಂಡರು. ಆ ಯುವಕ ಸತ್ತರು, ಜೊತೆಯವರು ತೀವ್ರವಾಗಿ ಗಾಯಗೊಂಡರು.

ಬೀದರ ಜಿಲ್ಲೆಯೆಂದರೆ ಬಸವಕಲ್ಯಾಣವಿರುವ ಜಿಲ್ಲೆ. ನಾಡಿನ ಮೂಲೆಮೂಲೆಯಿಂದ, ಕಾಶ್ಮೀರದಿಂದಲೂ ಬಂದ ಅಪರಿಚಿತರನ್ನು ಶರಣರು ಬರಮಾಡಿಕೊಂಡು ಅನುಭವ ಮಂಟಪದಲ್ಲಿ ಕೂರಿಸಿದ ನೆಲ. ಹೊರಗಿನಿಂದ ಬಂದವನನ್ನು ಕುಲಗೋತ್ರ ಕೇಳದೆ ನಮ್ಮವನಾಗಿ ಕಾಣುವ ಬುದ್ಧಿಯನ್ನು ಬೇಡುವ ಬಸವಣ್ಣನವರ ವಚನ ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠವಾಗಿದೆ. ಅದನ್ನು ಪ್ರತಿ ಬೆಳಗ್ಗೆ ಮೊಬೈಲಿನಲ್ಲಿ ಕಳಿಸುವವರೂ ನಾವೇ. ‘ಹೊರಗಿನವರು ಕಂಡರೆ ಎಚ್ಚರ’ ಎಂಬ ಸಂದೇಶವನ್ನು ಅದೇ ಗುಂಪಿಗೆ ಕಳಿಸಿದಾಗ, ಎರಡರ ನಡುವಿನ ವಿರೋಧ ನಮಗೆ ಕಾಣಲಿಲ್ಲ ಎಂಬುದು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಜಂಗಮನು ಬಾಗಿಲಿಗೆ ಬರುವುದನ್ನು ಭಾಗ್ಯವೆಂದು ತಿಳಿದ ಮನೆತನಗಳು ನಮ್ಮವು. ಬಾಗಿಲಿಗೆ ಬಂದವರನ್ನೆಲ್ಲ ಕಳ್ಳರೆಂದು ಕಾಣಲು ನಮಗೆ ಒಂದು ನಿಮಿಷದ ದೃಶ್ಯ ಸಾಕಾಯಿತು.

ಒಳ್ಳೆಯವರೇ ಏಕೆ ಹರಡುತ್ತಾರೆ?

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಮೂವರು ಸಂಶೋಧಕರು ೨೦೧೮ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಟ್ವಿಟರ್ ಜಾಲತಾಣದಲ್ಲಿ ೨೦೦೬ರಿಂದ ೨೦೧೭ರವರೆಗೆ ಹರಡಿದ ಸುಮಾರು ೧,೨೬,೦೦೦ ಸುದ್ದಿಗಳನ್ನು ಅವರು ಪರಿಶೀಲಿಸಿದ್ದರು. ಸುಳ್ಳು ಸುದ್ದಿಯನ್ನು ಜನ ಮುಂದಕ್ಕೆ ದಾಟಿಸುವ ಸಂಭವ ನಿಜ ಸುದ್ದಿಗಿಂತ ಶೇಕಡಾ ೭೦ರಷ್ಟು ಹೆಚ್ಚು ಎಂದು ಕಂಡುಬಂದಿತು. ೧,೫೦೦ ಜನರನ್ನು ತಲಪಲು ಸತ್ಯವು ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ತೆಗೆದುಕೊಳ್ಳುತ್ತಿತ್ತು. ಅದನ್ನು ಓಡಿಸುತ್ತಿದ್ದವರು ಮುಖ್ಯವಾಗಿ ಮನುಷ್ಯರೇ, ಯಂತ್ರಗಳಲ್ಲ. ಸುಳ್ಳು ಹೊಸತಾಗಿರುತ್ತದೆ, ಬೆರಗು ಹುಟ್ಟಿಸುತ್ತದೆ. ಆದ್ದರಿಂದ ಅದಕ್ಕೆ ಓಟ ಹೆಚ್ಚು ಎಂಬುದು ಅವರ ಅಭಿಪ್ರಾಯ.

ನಮ್ಮ ಅನುಭವ ಇನ್ನೊಂದು ಮಾತನ್ನು ಸೇರಿಸುತ್ತದೆ. ನಾವು ಸುದ್ದಿಯನ್ನು ನಂಬಲಿಲ್ಲ, ಕಳಿಸಿದವರನ್ನು ನಂಬಿದೆವು. ತಂಗಿ ಕಳಿಸಿದ್ದರಿಂದ ನಾವು ನಂಬಿದೆವು. ನಾವು ಕಳಿಸಿದ್ದರಿಂದ ನೆರೆಯವರು ನಂಬಿದರು. ತಂಗಿಯೂ ಇನ್ಯಾರನ್ನೋ ನಂಬಿದ್ದಳು. ಈ ಸರಪಳಿಯಲ್ಲಿ ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಅನೇಕ ವರ್ಷಗಳ ಸಂಬಂಧದಿಂದ ಸಂಪಾದಿಸಿದ ವಿಶ್ವಾಸವನ್ನು ನಾವು ಯಾರೋ ಅನಾಮಿಕನ ಸುಳ್ಳಿಗೆ ಜಾಮೀನಾಗಿ ಕೊಟ್ಟಿದ್ದೆವು. ಅದರಿಂದಲೇ ಸಭ್ಯರ ಗುಂಪುಗಳಲ್ಲಿ, ಸತ್ಸಂಗದ ಗುಂಪುಗಳಲ್ಲಿ ಬಂದ ಸುಳ್ಳು ಹೆಚ್ಚು ಅಪಾಯಕಾರಿ. ಅಲ್ಲಿ ಯಾರೂ ಯಾರನ್ನೂ ಶಂಕಿಸುವುದಿಲ್ಲ.

‘ಸುಳ್ಳಾದರೆ ಹೋಯಿತು, ನಿಜವಾದರೆ ಎಚ್ಚರಿಸಿದಂತಾಯಿತು’ ಎಂಬ ಸಮಾಧಾನವೊಂದಿದೆ. ನಮ್ಮ ಮನಸ್ಸಿನಲ್ಲಿ ಇದ್ದದ್ದೂ ಅದೇ. ಆದರೆ ಸುಳ್ಳಾದಾಗ ಹೋಗುವುದು ಯಾರದು ಎಂದು ಕೇಳಿಕೊಳ್ಳಬೇಕು. ಮೇ ೨೩ರಂದು ಹೋದದ್ದು, ಹೊಟ್ಟೆಪಾಡಿಗೆ ದೂರದ ರಾಜ್ಯದಿಂದ ಬಂದ ಒಬ್ಬ ಕಾಯಕಜೀವಿಯ ಪ್ರಾಣ.

ಕೊಲೆಯ ಪಕ್ಕದಲ್ಲಿಯೇ ಹುಸಿ

ಬಸವಣ್ಣನವರು ಏಳು ನಿಷೇಧಗಳನ್ನು ಹೇಳಿ, ಅಂತರಂಗ ಬಹಿರಂಗಗಳ ಶುದ್ಧಿ ಅದೇ ಎಂದ ವಚನ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಎಷ್ಟೋ ಬಾರಿ ಹಾಡಿದ್ದ ನಮಗೆ, ಅದರಲ್ಲಿಯ ಒಂದು ಸಂಗತಿ ಆ ಮೇ ತಿಂಗಳಲ್ಲಿ ಮೊದಲ ಬಾರಿಗೆ ಕಣ್ಣಿಗೆ ಬಿದ್ದಿತು. ಹುಸಿ ನುಡಿಯಬಾರದೆಂಬ ಮಾತು ಅಲ್ಲಿ ಬರುವುದು ಕೊಲ್ಲಬಾರದೆಂಬ ಮಾತಿನ ಪಕ್ಕದಲ್ಲಿಯೇ. ಒಂದು ಸಣ್ಣ ಸುಳ್ಳನ್ನು ಕೊಲೆಯ ಸಾಲಿನಲ್ಲಿ ಏಕೆ ಕೂರಿಸಿದರು ಎಂದು ಹಿಂದೆ ಯಾರಾದರೂ ಕೇಳಿದ್ದರೆ ನಮಗೆ ಹೇಳಲು ತಿಳಿಯುತ್ತಿರಲಿಲ್ಲ. ಪೆನ್ಷನ್ ಮೊಹಲ್ಲಾದಲ್ಲಿ, ಮುರ್ಕಿಯಲ್ಲಿ ಅವೆರಡೂ ಬೇರೆಬೇರೆಯಾಗಿ ಉಳಿಯಲಿಲ್ಲ. ಹುಸಿ ಮುಂದೆ ಹೋಯಿತು, ಕೊಲೆ ಹಿಂದೆ ಬಂದಿತು.

‘ಅದು ನಾವು ಹುಟ್ಟಿಸಿದ ಸುಳ್ಳಲ್ಲವಲ್ಲ, ಬಂದದ್ದನ್ನು ಕಳಿಸಿದೆವು’ ಎಂದು ಹೇಳಬಹುದು. ನಾವೂ ಕೆಲವು ದಿನ ಹಾಗೆಯೇ ಹೇಳಿಕೊಂಡೆವು. ಆದರೆ ಇನ್ನೊಬ್ಬರ ಮಾತನ್ನು ನಮ್ಮ ಬಾಯಿಂದ ಆಡಿದಮೇಲೆ ಅದು ನಮ್ಮ ನುಡಿಯೇ ಆಗುತ್ತದೆ. ಬೆರಳಿನಿಂದ ಆಡಿದರೂ ಅಷ್ಟೇ. ನುಡಿಗೆ ತಕ್ಕ ನಡೆ ಇರಬೇಕೆಂದು ಶರಣರು ಒತ್ತಿ ಹೇಳಿದರು. ನಮ್ಮ ಕಾಲದಲ್ಲಿ ನುಡಿ ಮೊಬೈಲಿನ ಮೂಲಕ ಹೊರಡುತ್ತದೆ ಎಂಬ ಕಾರಣಕ್ಕೆ ಆ ನಿಯಮದಿಂದ ನಮಗೆ ಬಿಡುಗಡೆ ಇಲ್ಲ.

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. ೨೦೧೮ರ ಜುಲೈ ೧೭ರಂದು ಸರ್ವೋಚ್ಚ ನ್ಯಾಯಾಲಯವು ಗುಂಪುಹತ್ಯೆಗಳನ್ನು ತಡೆಯಲು ಸರ್ಕಾರಗಳಿಗೆ ವಿವರವಾದ ನಿರ್ದೇಶನಗಳನ್ನು ನೀಡಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೫೩ನೆಯ ಕಲಮು, ಜನರಲ್ಲಿ ಭೀತಿ ಅಥವಾ ದ್ವೇಷ ಹುಟ್ಟಿಸುವ ಸುಳ್ಳು ಮಾಹಿತಿ ಮತ್ತು ವದಂತಿಗಳ ಪ್ರಸಾರಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದೆಂದು ಹೇಳುತ್ತದೆ. ನಿಜವೆಂದು ನಂಬಲು ತಕ್ಕ ಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ, ಸದ್ಭಾವನೆಯಿಂದ ಮಾಡಿದವರಿಗೆ ಅದರಲ್ಲಿ ವಿನಾಯಿತಿಯೂ ಇದೆ. ಸದ್ಭಾವನೆ ನಮ್ಮಲ್ಲಿ ಇತ್ತು. ತಕ್ಕ ಕಾರಣ ಇತ್ತೇ ಎಂದು ಕೇಳಿದರೆ ತಲೆತಗ್ಗಿಸಬೇಕಾಗುತ್ತದೆ.

ವಾಟ್ಸ್‌ಆ್ಯಪ್ ಸಂಸ್ಥೆಯೂ ಕೆಲವು ಕ್ರಮ ಕೈಗೊಂಡಿತು. ೨೦೧೮ರ ಜುಲೈಯಲ್ಲಿ, ಬೇರೆಡೆಯಿಂದ ಬಂದ ಸಂದೇಶಕ್ಕೆ ಗುರುತು ಹಾಕುವ ಏರ್ಪಾಡು ಬಂದಿತು. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕುವುದಾಗಿ ಸಂಸ್ಥೆ ಪ್ರಕಟಿಸಿತು. ೨೦೨೦ರ ಏಪ್ರಿಲ್‌ನಿಂದ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಲು ಸಾಧ್ಯ. ಇಷ್ಟಾದರೂ ಯಂತ್ರವು ವೇಗವನ್ನು ತಗ್ಗಿಸಬಲ್ಲದೇ ಹೊರತು ಸುಳ್ಳನ್ನು ಸುಳ್ಳೆಂದು ಅರಿಯುವ ಕೆಲಸ ಮನುಷ್ಯರದೇ.

ಮನೆಯಲ್ಲಿ ಪಾಲಿಸಬೇಕಾದದ್ದು

ಕಣ್ಣಾರೆ ಕಂಡರೂ ಪರಾಮರ್ಶಿಸಿ ನೋಡು ಎಂಬುದು ಹಿರಿಯರ ಮಾತು. ನಾವು ನಮ್ಮ ಮನೆಯಲ್ಲಿ ಅದನ್ನು ನಿತ್ಯದ ನಿಯಮವಾಗಿ ಮಾಡಿಕೊಂಡಿದ್ದೇವೆ. ಭಯ ಅಥವಾ ಸಿಟ್ಟು ಬರಿಸುವ ಸಂದೇಶ ಬಂದರೆ ಅಂದು ಅದನ್ನು ಯಾರಿಗೂ ಕಳಿಸುವುದಿಲ್ಲ. ಒಂದು ರಾತ್ರಿ ಕಳ್ಳದೆ ಬೆರಳು ಮುಂದುವರಿಯುವುದಿಲ್ಲ. ಕಳಿಸಿದವರನ್ನೇ ಕೇಳುತ್ತೇವೆ: ಎಲ್ಲಿ ನಡೆದದ್ದು, ಯಾವ ದಿನ, ನೋಡಿದವರು ಯಾರು? ಊರು, ದಿನಾಂಕ, ಠಾಣೆಯ ಹೆಸರು ಇಲ್ಲದ ಸುದ್ದಿಯನ್ನು ಅಲ್ಲಿಯೇ ಬಿಡುತ್ತೇವೆ. ‘ಎಲ್ಲರಿಗೂ ಕಳಿಸಿ’ ಎಂದು ಒತ್ತಾಯಿಸುವ ಸಂದೇಶವನ್ನು ಇನ್ನಷ್ಟು ಎಚ್ಚರದಿಂದ ನೋಡುತ್ತೇವೆ. ಸಂಶಯಾಸ್ಪದವಾದದ್ದು ನಿಜಕ್ಕೂ ಕಣ್ಣಿಗೆ ಬಿದ್ದರೆ ೧೧೨ಕ್ಕೂ, ಮಗುವೊಂದು ಕಷ್ಟದಲ್ಲಿದ್ದರೆ ಮಕ್ಕಳ ಸಹಾಯವಾಣಿ ೧೦೯೮ಕ್ಕೂ ಕರೆ ಮಾಡಬೇಕೆಂದು ಮಕ್ಕಳಿಗೂ ಕಲಿಸಿದ್ದೇವೆ.

ಅನುಮಾನ ಬಂದಾಗ ಮನೆಯ ಕಿರಿಯರನ್ನು ಕೇಳಲು ಹಿರಿಯರು ಸಂಕೋಚಪಡಬಾರದು. ಕಿರಿಯರೂ ‘ಅಜ್ಜಿಗೆ ಏನೂ ತಿಳಿಯುವುದಿಲ್ಲ’ ಎಂದು ನಗದೆ, ಪಕ್ಕದಲ್ಲಿ ಕುಳಿತು ತೋರಿಸಬೇಕು. ಸತ್ಸಂಗದ ಗುಂಪುಗಳನ್ನು ನಡೆಸುವವರು, ವಚನ ಮತ್ತು ಕಾರ್ಯಕ್ರಮದ ವಿವರಗಳ ಹೊರತು ಬೇರೆ ಸುದ್ದಿಗಳನ್ನು ಹಾಕದಂತೆ ಕಟ್ಟುನಿಟ್ಟು ಮಾಡಿದರೆ ಒಳಿತು.

ಎಲ್ಲಕ್ಕಿಂತ ಕಠಿಣವಾದದ್ದು ಕೊನೆಯ ನಿಯಮ. ತಪ್ಪು ಸುದ್ದಿ ಕಳಿಸಿದ್ದೇವೆಂದು ತಿಳಿದೊಡನೆ, ಕಳಿಸಿದ ಪ್ರತಿಯೊಂದು ಕಡೆಗೂ ‘ಅದು ಸುಳ್ಳು, ಕಳಿಸಿದ್ದು ನಮ್ಮ ತಪ್ಪು’ ಎಂದು ಬರೆಯಬೇಕು. ಮೆಲ್ಲನೆ ಅಳಿಸಿಹಾಕಿ ಸುಮ್ಮನಿದ್ದರೆ ಸಾಲದು. ನಾವು ಮೇ ೨೪ರಂದು ಮೂರು ಗುಂಪುಗಳಿಗೂ ಹಾಗೆ ಬರೆದೆವು. ಕರಾಚಿಯ ಪೂರ್ಣ ಚಿತ್ರವನ್ನೂ ಜೊತೆಗಿಟ್ಟೆವು. ಮೊದಲ ಸಂದೇಶಕ್ಕೆ ಬಂದಿದ್ದ ಕೈಮುಗಿದ ಚಿತ್ರಗಳು, ಧನ್ಯವಾದಗಳು ಹಲವಾರು. ಈ ಸಂದೇಶಕ್ಕೆ ಉತ್ತರಿಸಿದವರು ಬೆರಳೆಣಿಕೆಯಷ್ಟು ಜನ. ಒಬ್ಬ ಬಂಧುಗಳು, ‘ಹೋಗಲಿ ಬಿಡಿ, ಎಚ್ಚರಿಕೆ ಒಳ್ಳೆಯದೇ ಅಲ್ಲವೇ’ ಎಂದರು. ಅದರಿಂದ ಬೇಸರವಾಯಿತು. ಆದರೂ ಗಂಟನ್ನು ಸುರಿದಿದ್ದ ನೆರೆಯವರು ಮಾತ್ರ ಸಂಜೆ ಮನೆಗೇ ಬಂದು ಬಹಳ ಹೊತ್ತು ಕುಳಿತು ಹೋದರು. ಅವರಿಗೂ ಆ ರಾತ್ರಿ ನಿದ್ದೆ ಬಂದಿರಲಿಲ್ಲ.

ಪಾತ್ರೆಯ ಹೆಂಗಸು ಬಹಳ ತಿಂಗಳು ನಮ್ಮ ರಸ್ತೆಗೆ ಬರಲಿಲ್ಲ. ದೀಪಾವಳಿ ಕಳೆದಮೇಲೆ ಒಂದು ದಿನ ತಿರುವಿನಲ್ಲಿ ಆಕೆಯ ಕೂಗು ಕೇಳಿಸಿತು. ಒಳಗೆ ಕರೆದು ಕೂರಿಸಿದೆವು. ಆ ಸಂದೇಶವನ್ನು ಗುಂಪಿಗೆ ಕಳಿಸಿದವರು ನಾವೇ ಎಂದು ಹೇಳಿದೆವು. ಆಕೆಗೆ ಅದು ಪೂರ್ತಿ ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಕ್ಳ ವಿಷಯ ಅಲ್ವಾ ಅಕ್ಕಾ, ಎಲ್ರಿಗೂ ಭಯ ಇರ್ತದೆ’ ಎಂದಳು. ಅಂದು ನೀರೂ ಕುಡಿದಳು, ಚಹಾವನ್ನೂ ಕುಡಿದಳು.

ಆಕೆ ಕ್ಷಮಿಸಿದಳು. ಕ್ಷಮಿಸಲು ಆ ಇನ್ನೊಬ್ಬ ಬದುಕಿಲ್ಲ. ಆದ್ದರಿಂದ ಬಂಧುಗಳೇ, ಮುಂದಿನ ಬಾರಿ ಅಂತಹ ಸಂದೇಶ ನಿಮ್ಮ ಕೈಗೆ ಬಂದಾಗ ಅದನ್ನು ಅಲ್ಲಿಯೇ ನಿಲ್ಲಿಸಿ. ಪರೀಕ್ಷಿಸಿ ನಿಜವೆಂದು ಕಂಡರೆ ಠಾಣೆಗೆ ತಿಳಿಸಿ. ಹುಸಿಯೆಂದು ಕಂಡರೆ, ಕಳಿಸಿದವರಿಗೆ ವಿನಯದಿಂದ ತಿಳಿಹೇಳಿ. ಇದೂ ಒಂದು ಕಾಯಕವೆಂದು ಭಾವಿಸೋಣ.